ಎತ್ತುವುದು ಬೇರೆ, ಹೊರುವುದು ಬೇರೆ: ಜಾಕ್‌ಗಳ ರಚನೆ ಮತ್ತು ಸುರಕ್ಷಿತ ಬಳಕೆ

ಕಾರಿನ ಗಾಲಿ ಬದಲಾಯಿಸುವುದರಿಂದ ಹಿಡಿದು ರೈಲ್ವೆ ಕಾರ್ಯಾಗಾರದಲ್ಲಿ ಇಡೀ ಬೋಗಿಯನ್ನು ಗಾಲಿಗಳಿಂದ ಬೇರ್ಪಡಿಸಿ ಮೇಲೆತ್ತುವವರೆಗೆ ಹತ್ತಾರು ಕೆಲಸಗಳಲ್ಲಿ ಬಳಕೆಯಾಗುವ ಸಾಧನವೇ ಜಾಕ್. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಜಾಕಿ ಎಂದೂ ಕರೆಯುತ್ತಾರೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ ನಗರಗಳಲ್ಲಿ ಚಾಲಕರಾಗಿ, ಕ್ಲೀನರುಗಳಾಗಿ, ಮೆಕ್ಯಾನಿಕರಾಗಿ ದುಡಿಯುತ್ತಿರುವ ಕನ್ನಡಿಗರಲ್ಲಿ ಇದನ್ನು ಕೈಯಿಂದ ಮುಟ್ಟದವರು ವಿರಳ. ಆದರೂ ಇದರ ಬಗೆಗೆ ತಿಳಿದಿರಬೇಕಾದ ಮುಖ್ಯ ಸಂಗತಿಯನ್ನು ಬಹುಮಂದಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಜಾಕ್ ಇರುವುದು ಭಾರವನ್ನು ಎತ್ತುವುದಕ್ಕೆ. ಎತ್ತಿದ ಭಾರವನ್ನು ಹೊತ್ತು ನಿಲ್ಲುವುದಕ್ಕಲ್ಲ. ಜಾಕಿನ ಮೇಲೆ ಮಾತ್ರ ನಿಂತ ವಾಹನದ ಅಡಿಯಲ್ಲಿ ಮಲಗಿ ಕೆಲಸ ಮಾಡುವವನ ಪ್ರಾಣವು ಒಂದು ತಿರುಪಿನ ಹಲ್ಲನ್ನೋ ಒಂದು ರಬ್ಬರ್ ಉಂಗುರವನ್ನೋ ಅವಲಂಬಿಸಿರುತ್ತದೆ. ಇದು ಹೇಗೆಂಬುದು ಸಾಧನದ ಒಳರಚನೆಯನ್ನು ಅರಿತಾಗ ಮನವರಿಕೆಯಾಗುತ್ತದೆ.

ತಿರುಪಿನ ಜಾಕ್

ಪೀಪಾಯಿಯನ್ನು ನೇರವಾಗಿ ಲಾರಿಗೆ ಎತ್ತುವುದಕ್ಕಿಂತ ಹಲಗೆಯ ಮೇಲೆ ಉರುಳಿಸಿ ಏರಿಸುವುದು ಸುಲಭವೆಂದು ಹಮಾಲರೆಲ್ಲರಿಗೂ ಗೊತ್ತು. ಆ ಇಳಿಜಾರು ಹಲಗೆಯನ್ನು ಒಂದು ಕಂಬದ ಸುತ್ತ ಸುತ್ತಿದಂತೆ ಭಾವಿಸಿದರೆ ಅದೇ ತಿರುಪು. ತಿರುಪಿನ ಜಾಕಿನಲ್ಲಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಭಾರವು ಒಂದು ಹಲ್ಲಿನಷ್ಟು ಮಾತ್ರ ಮೇಲೇರುತ್ತದೆ. ಹಿಡಿಯ ಉದ್ದ 35 ಸೆಂ.ಮೀ., ಹಲ್ಲಿನಿಂದ ಹಲ್ಲಿಗೆ ಇರುವ ಅಂತರ 10 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಕೈಯು ಒಂದು ಸುತ್ತಿಗೆ ಸುಮಾರು 2,200 ಮಿ.ಮೀ. ಚಲಿಸುತ್ತದೆ, ಭಾರ ಏರುವುದು 10 ಮಿ.ಮೀ. ಎಂದರೆ ಕೈಯ ಚಲನೆ ಭಾರದ ಚಲನೆಯ 220 ಪಾಲು. ಘರ್ಷಣೆಯೇ ಇಲ್ಲದಿದ್ದಲ್ಲಿ 1,000 ಕಿ.ಗ್ರಾಂ. ಭಾರವನ್ನು ನಾಲ್ಕೂವರೆ ಕಿ.ಗ್ರಾಂ. ಬಲದಿಂದ ಎತ್ತಬಹುದಾಗಿತ್ತು. ಜಾಕಿನ ದಕ್ಷತೆ ನೂರಕ್ಕೆ 25 ಎಂದು ಹಿಡಿದರೆ ವಾಸ್ತವವಾಗಿ ಬೇಕಾಗುವ ಬಲ ಸುಮಾರು 18 ಕಿ.ಗ್ರಾಂ.

ಮುಕ್ಕಾಲು ಪಾಲು ಶ್ರಮವು ಘರ್ಷಣೆಗೆ ವ್ಯರ್ಥವಾಗುತ್ತದೆ ಎಂದು ಇದನ್ನು ದೋಷವೆಂದು ತಿಳಿಯಬಾರದು. ಕೈಬಿಟ್ಟಾಗ ಭಾರವು ತಿರುಪನ್ನು ಹಿಂದಕ್ಕೆ ತಿರುಗಿಸಿ ಕೆಳಗಿಳಿಯದಂತೆ ಹಿಡಿದಿಡುವುದು ಆ ಘರ್ಷಣೆಯೇ. ದಕ್ಷತೆಯು ನೂರಕ್ಕೆ 50ಕ್ಕಿಂತ ಕಡಿಮೆಯಿರುವ ತಿರುಪು ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ ಎಂಬುದು ಯಂತ್ರಶಾಸ್ತ್ರದ ನಿಯಮ. ಹಾಗೆಂದು ಈ ಗುಣವನ್ನು ಪೂರ್ಣವಾಗಿ ನಂಬಿ ಕೂಡುವಂತಿಲ್ಲ. ಹಲ್ಲು ಸವೆದಾಗ, ಹತ್ತಿರದಲ್ಲಿ ಭಾರಿ ವಾಹನಗಳು ಸಾಗಿ ನೆಲ ನಡುಗಿದಾಗ ತಿರುಪು ಅಷ್ಟಷ್ಟೇ ಸಡಿಲವಾಗುವ ಸಂಭವವುಂಟು.

ತಿರುಪಿನ ಜಾಕಿನ ಸಾಮರ್ಥ್ಯಕ್ಕೆ ಇತಿಹಾಸದಲ್ಲಿ ಒಂದು ಸೊಗಸಾದ ನಿದರ್ಶನವಿದೆ. ಅಮೆರಿಕದ ಶಿಕಾಗೊ ನಗರವು ಕೆಸರು ನೆಲದ ಮೇಲೆ ಬೆಳೆದದ್ದರಿಂದ ಚರಂಡಿ ವ್ಯವಸ್ಥೆಗಾಗಿ ರಸ್ತೆಗಳನ್ನು ಎತ್ತರಿಸಬೇಕಾಯಿತು. ಅದರೊಡನೆ ಕಟ್ಟಡಗಳನ್ನೂ ಎತ್ತಬೇಕಾಯಿತು. 1860ರಲ್ಲಿ ಲೇಕ್ ಸ್ಟ್ರೀಟಿನ ಸುಮಾರು 98 ಮೀಟರ್ ಉದ್ದದ ಅಂಗಡಿಗಳ ಸಾಲನ್ನು 600 ಮಂದಿ ಕೆಲಸಗಾರರು 6,000 ತಿರುಪು ಜಾಕ್‌ಗಳಿಂದ ಐದು ದಿನಗಳಲ್ಲಿ 4 ಅಡಿ 8 ಅಂಗುಲ ಮೇಲೆತ್ತಿದರು. ಈ ಸಾಹಸದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಬೇರೆಯೇ ಇದೆ. ಎತ್ತಿದ ಕಟ್ಟಡವನ್ನು ಜಾಕ್‌ಗಳ ಮೇಲೆಯೇ ಬಿಡಲಿಲ್ಲ; ಅದರ ಅಡಿಗೆ ಹೊಸ ತಳಪಾಯ ಕಟ್ಟಿ ಭಾರವನ್ನು ಅದಕ್ಕೆ ವಹಿಸಿದರು. ರಸ್ತೆಯ ಮಟ್ಟ ಏರಿದ್ದರಿಂದ ಮಳೆನೀರು ನುಗ್ಗುವ ಹಳೆಯ ಮನೆಗಳನ್ನು ಚೆನ್ನೈ ನಗರದಲ್ಲಿ ಇಂದು ಜಾಕ್‌ಗಳಿಂದ ಎತ್ತರಿಸುವವರ ಕ್ರಮವೂ ಇದೇ. ಜಾಕ್ ಎತ್ತುತ್ತದೆ, ಗೋಡೆ ಹೊರುತ್ತದೆ.

ಕಾರುಗಳೊಡನೆ ಬರುವ ಕತ್ತರಿ ಜಾಕ್ ಕೂಡ ತಿರುಪಿನದೇ ಒಂದು ರೂಪ. ಇಲ್ಲಿ ಅಡ್ಡಲಾಗಿರುವ ತಿರುಪು ನಾಲ್ಕು ತೋಳುಗಳನ್ನು ಒಳಕ್ಕೆ ಎಳೆದು ತಲೆಯನ್ನು ಮೇಲಕ್ಕೆ ಒತ್ತುತ್ತದೆ. ತೋಳುಗಳು ನೆಲದೊಡನೆ 20 ಅಂಶದ ಕೋನದಲ್ಲಿದ್ದಾಗ ತಿರುಪಿನ ಮೇಲಿನ ಎಳೆತವು ಎತ್ತುವ ಭಾರದ ಸುಮಾರು 2.75 ಪಟ್ಟು, 45 ಅಂಶ ತಲುಪಿದಾಗ ಭಾರದಷ್ಟೇ. ಮೊದಲಲ್ಲಿ ಹಿಡಿ ತಿರುಗಿಸುವುದು ಕಷ್ಟವಾಗಿ, ಆಮೇಲೆ ಹಗುರಾಗುವುದು ಇದರಿಂದಲೇ. ಆದುದರಿಂದ ತೀರ ಮಡಿಚಿದ ಜಾಕನ್ನು ಭಾರದಡಿ ತುರುಕಿ ಬಲವಂತದಿಂದ ತಿರುಗಿಸುವುದಕ್ಕಿಂತ, ತೋಳುಗಳು ಸ್ವಲ್ಪ ಎದ್ದ ಮೇಲೆ ಭಾರ ಹೊರಿಸುವುದು ಲೇಸು.

ಎಣ್ಣೆಯ ಒತ್ತಡದಿಂದ ನಡೆಯುವ ಜಾಕ್

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ತೋರಿಸಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಆತನ ಗ್ರಂಥ ಪ್ರಕಟವಾದದ್ದು ಮರಣಾನಂತರ, 1663ರಲ್ಲಿ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಈ ತತ್ತ್ವದ ಮೇಲೆ ಒತ್ತುಯಂತ್ರ ನಿರ್ಮಿಸಿ 1795ರಲ್ಲಿ ಪೇಟೆಂಟು ಪಡೆದನು. ಇಂದಿನ ಬಾಟಲ್ ಜಾಕ್, ಟ್ರಾಲಿ ಜಾಕ್‌ಗಳು ಅದೇ ಪರಂಪರೆಯವು. ಚಿಕ್ಕ ಪಿಸ್ಟನ್ನಿನ ವ್ಯಾಸ 10 ಮಿ.ಮೀ., ದೊಡ್ಡದರ ವ್ಯಾಸ 40 ಮಿ.ಮೀ. ಇದ್ದರೆ ವಿಸ್ತೀರ್ಣದ ಅನುಪಾತ 16. ಹಿಡಿಯ ಸನ್ನೆಯಿಂದ ಇನ್ನು 20 ಪಟ್ಟು ದೊರೆತರೆ ಒಟ್ಟು 320 ಪಟ್ಟು. ಐದು ಟನ್ ಭಾರವನ್ನು ಒಬ್ಬ ಮನುಷ್ಯನು 16 ಕಿ.ಗ್ರಾಂ.ಗೆ ಸ್ವಲ್ಪ ಹೆಚ್ಚಿನ ಬಲದಿಂದ ಎತ್ತಬಲ್ಲನು. ಇದಕ್ಕೆ ತೆರುವ ಬೆಲೆ ಕಾಲ. ಚಿಕ್ಕ ಪಿಸ್ಟನ್ನು 20 ಮಿ.ಮೀ. ಇಳಿದಾಗ ಭಾರ ಏರುವುದು ಒಂದೂಕಾಲು ಮಿ.ಮೀ. ಮಾತ್ರ, ಭಾರವನ್ನು 10 ಸೆಂ.ಮೀ. ಎತ್ತಲು ಹಿಡಿಯನ್ನು 80 ಸಲ ಒತ್ತಬೇಕು.

ತಿರುಪಿನ ಜಾಕಿನಲ್ಲಿ ಭಾರವನ್ನು ತಡೆಯುವುದು ಲೋಹದ ಹಲ್ಲು. ಎಣ್ಣೆಯ ಜಾಕಿನಲ್ಲಾದರೋ ತಡೆಯುವುದು ಹಿಂದೆ ಹರಿಯಲಾಗದ ಎಣ್ಣೆ. ಅದನ್ನು ಹಿಡಿದಿಡುವುದು ಒಂದು ಸಣ್ಣ ಕವಾಟ ಮತ್ತು ರಬ್ಬರಿನ ಸೀಲು. ಕವಾಟದ ಕೂರುಬಾಯಿಗೆ ಮರಳಿನ ಒಂದು ಕಣ ಸಿಕ್ಕಿಕೊಂಡರೆ ಸಾಕು, ಭಾರ ಕಣ್ಣಿಗೆ ಕಾಣದ ವೇಗದಲ್ಲಿ ಕುಸಿಯತೊಡಗುತ್ತದೆ. ಸೀಲು ಹರಿದರೆ ಕುಸಿತ ಒಮ್ಮೆಗೇ ಆಗುತ್ತದೆ. ಎಣ್ಣೆ ಕಡಿಮೆಯಾಯಿತೆಂದು ಕೈಗೆ ಸಿಕ್ಕ ಬ್ರೇಕ್ ಆಯಿಲ್ ತುಂಬುವ ರೂಢಿ ಕೆಲವು ಕಡೆಗಳಲ್ಲಿದೆ. ಜಾಕಿನ ಸೀಲುಗಳು ಖನಿಜ ತೈಲಕ್ಕಾಗಿ ತಯಾರಾದವುಗಳಾಗಿದ್ದು ಬ್ರೇಕ್ ಆಯಿಲಿನಿಂದ ಉಬ್ಬಿ ಕೆಡುತ್ತವೆ. ಬಾಟಲ್ ಜಾಕನ್ನು ಅಡ್ಡ ಮಲಗಿಸಿ ಒತ್ತಿದಾಗ ಎಣ್ಣೆಯ ಬದಲು ಗಾಳಿ ಒಳಸೇರುವ ಸಂಭವವಿರುವುದರಿಂದ ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು.

ಭಾರದ ಲೆಕ್ಕ

ಜಾಕಿನ ಮೈಮೇಲೆ ಬರೆದ ಅಂಕಿಯನ್ನು ಮೀರಿ ಎತ್ತಬಾರದೆಂಬುದನ್ನು ಬಲ್ಲವರೂ ತಾವು ಎತ್ತಲಿರುವ ಭಾರವೆಷ್ಟೆಂದು ಲೆಕ್ಕ ಹಾಕುವುದಿಲ್ಲ. 2018ರಲ್ಲಿ ಪರಿಷ್ಕೃತವಾದ ಮಿತಿಯಂತೆ ನಾಲ್ಕು ಟಯರುಗಳುಳ್ಳ ಒಂಟಿ ಆಕ್ಸಲಿನ ಮೇಲೆ 11.5 ಟನ್ ವರೆಗೆ ಭಾರವಿರಬಹುದು; ಅದಕ್ಕೆ ಮುಂಚೆ ಈ ಮಿತಿ 10.2 ಟನ್ ಇತ್ತು. ಒಂದು ಬದಿಯ ಗಾಲಿಗಳನ್ನು ಎತ್ತುವಾಗ ಇದರ ಅರ್ಧ, ಎಂದರೆ ಐದೂಮುಕ್ಕಾಲು ಟನ್, ಜಾಕಿನ ಪಾಲಿಗೆ ಬರುತ್ತದೆ. ಜಾಕನ್ನು ಗಾಲಿಗಿಂತ ಒಳಬದಿಗೆ ಇಟ್ಟಷ್ಟೂ ಪಾಲು ಇನ್ನೂ ಹೆಚ್ಚು. ಆದ್ದರಿಂದ ಕಾನೂನಿನ ಮಿತಿಯೊಳಗೆ ಹೇರಿದ ಲಾರಿಗೂ ಐದು ಟನ್ನಿನ ಜಾಕ್ ಸಾಲದು.

ನೆಲದ ವಿಷಯವೂ ಇದರೊಡನೆ ಸೇರಿದೆ. ಹತ್ತು ಸೆಂ.ಮೀ. ಚೌಕದ ಪೀಠದ ಮೇಲೆ ಎರಡು ಟನ್ ಕುಳಿತರೆ ಪ್ರತಿ ಚದರ ಸೆಂ.ಮೀ.ಗೆ 20 ಕಿ.ಗ್ರಾಂ. ಒತ್ತಡ ಬೀಳುತ್ತದೆ. ಬಿಸಿಲಿಗೆ ಮೆತ್ತಗಾದ ಡಾಂಬರು, ರಸ್ತೆಯಂಚಿನ ಮಣ್ಣು ಇದನ್ನು ತಾಳಲಾರವು. ಮೂವತ್ತು ಸೆಂ.ಮೀ. ಚೌಕದ ದಪ್ಪ ಮರದ ಹಲಗೆಯನ್ನು ಅಡಿಗಿಟ್ಟರೆ ಒತ್ತಡ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಟ್ಟಿಗೆ, ಸೈಜುಗಲ್ಲು ಈ ಕೆಲಸಕ್ಕೆ ಸಲ್ಲವು. ಅವು ಸೂಚನೆಯಿಲ್ಲದೆ ಸೀಳುತ್ತವೆ.

ವಾಹನ ಉರುಳುವುದು ಏಕೆ?

ವಾಹನವು ಜಾಕಿನಿಂದ ಬೀಳಲು ಜಾಕ್ ಮುರಿಯಲೇಬೇಕೆಂದಿಲ್ಲ. ವಾಹನ ಮುಂದಕ್ಕೋ ಹಿಂದಕ್ಕೋ ನಾಲ್ಕು ಬೆರಳು ಸರಿದರೂ ನೆಟ್ಟಗಿದ್ದ ಜಾಕ್ ಓರೆಯಾಗಿ ಮಗುಚುತ್ತದೆ. “ಹ್ಯಾಂಡ್ ಬ್ರೇಕ್ ಹಾಕಿದ್ದೇನೆ, ಗೇರಿನಲ್ಲಿ ಬಿಟ್ಟಿದ್ದೇನೆ” ಎಂದು ಚಾಲಕರು ಹೇಳುವುದುಂಟು. ಈ ಎರಡೂ ಎಷ್ಟರ ಮಟ್ಟಿಗೆ ನೆರವಾಗುತ್ತವೆಂದು ನೋಡೋಣ.

ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕು ಹಿಂದಿನ ಎರಡು ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಹಿಂಗಾಲಿಯೊಂದನ್ನು ಎತ್ತಿದರೆ ನೆಲದ ಮೇಲೆ ಉಳಿದು ವಾಹನವನ್ನು ತಡೆಯುವುದು ಒಂದೇ ಗಾಲಿ. ಗೇರಿನ ಭರವಸೆ ಇನ್ನೂ ದುರ್ಬಲ. ಇಂಜಿನ್ನಿನಿಂದ ಚಾಲನೆ ಪಡೆಯುವ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಿದ್ದು, ತಿರುವಿನಲ್ಲಿ ಎರಡೂ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಅವಕಾಶ ಕೊಡುತ್ತದೆ. ಆ ಗಾಲಿಗಳಲ್ಲಿ ಒಂದು ಗಾಳಿಯಲ್ಲಿದ್ದರೆ ಅದು ಹಿಮ್ಮುಖವಾಗಿ ಸಲೀಸಾಗಿ ತಿರುಗುತ್ತದೆ. ನೆಲದ ಮೇಲಿರುವ ಇನ್ನೊಂದು ಗಾಲಿ ಅದೇ ವೇಗದಲ್ಲಿ ಮುಂದಕ್ಕೆ ಉರುಳುತ್ತದೆ. ಇಂಜಿನ್ನು, ಗೇರುಪೆಟ್ಟಿಗೆ ಅಲುಗಾಡದೆ ನಿಂತಿದ್ದರೂ ವಾಹನ ಚಲಿಸುತ್ತದೆ. ಹಳೆಯ ಕೆಲವು ವಾಹನಗಳಲ್ಲಿರುವಂತೆ ಹ್ಯಾಂಡ್ ಬ್ರೇಕು ಗಾಲಿಗೆ ಬದಲಾಗಿ ಪ್ರೊಪೆಲ್ಲರ್ ಷಾಫ್ಟನ್ನು ಹಿಡಿಯುವಂತಹದಾದರೆ ಅದೂ ಇದೇ ರೀತಿ ನಿಷ್ಫಲವಾಗುತ್ತದೆ. ಗಾಲಿ ನೆಲ ಬಿಡುವ ಕ್ಷಣದವರೆಗೂ ಭದ್ರವಾಗಿದ್ದ ವಾಹನವು ಆ ಕ್ಷಣದಲ್ಲಿ ಬಂಧಮುಕ್ತವಾಗುವ ಈ ಸಂಗತಿಯು ಅನುಭವಿಗಳನ್ನೂ ವಂಚಿಸಿದೆ.

ಇದಕ್ಕಿರುವ ಪರಿಹಾರ ಮಾತ್ರ ಅತಿ ಅಗ್ಗದ್ದು. ಎತ್ತುವ ಗಾಲಿಗೆ ಕರ್ಣವಾಗಿ ಎದುರಿರುವ ಗಾಲಿಯ ಹಿಂದೂ ಮುಂದೂ ಮರದ ಬೆಣೆಗಳನ್ನು ಬಿಗಿಯಾಗಿ ಒತ್ತಿಡುವುದು. ಪುಣೆ-ಬೆಂಗಳೂರು ಹೆದ್ದಾರಿಯ ಖಂಬಾಟಕಿ ಘಾಟಿನಂತಹ ಏರುದಾರಿಯಲ್ಲಿ ಪಂಕ್ಚರ್ ಆದರೆ, ಸಾಧ್ಯವಿದ್ದಷ್ಟೂ ನಿಧಾನವಾಗಿ ಸಮತಟ್ಟಾದ ಸ್ಥಳಕ್ಕೆ ಒಯ್ದು ಅನಂತರವೇ ಜಾಕ್ ಹಚ್ಚತಕ್ಕದ್ದು. ಟಯರು ಹಾಳಾದೀತೆಂಬ ಚಿಂತೆ ಆಗ ಬೇಡ. ವಾಹನದ ಹಿಂದೆ ಎಚ್ಚರಿಕೆಗಾಗಿ ಕಲ್ಲುಗಳನ್ನು ಸಾಲಾಗಿಟ್ಟು, ದುರಸ್ತಿಯಾದೊಡನೆ ಅವುಗಳನ್ನು ಹಾದಿಯಲ್ಲಿಯೇ ಬಿಟ್ಟು ಹೋಗುವ ಪದ್ಧತಿಯನ್ನು ಇಲ್ಲಿ ನೆನಪಿಸದಿರಲಾಗದು. ಹಗಲು ತನ್ನ ಜೀವ ಉಳಿಸಿದ ಕಲ್ಲು ರಾತ್ರಿ ಸ್ಕೂಟರ್ ಸವಾರನೊಬ್ಬನ ಜೀವ ತೆಗೆಯಬಹುದು. ಪ್ರತಿಫಲಕ ತ್ರಿಕೋನವನ್ನು ಬಳಸುವುದು ಉಚಿತ.

ಕೆಲಸದ ಕ್ರಮ

ಗಾಲಿಯ ನಟ್ಟುಗಳನ್ನು ಎತ್ತುವ ಮುನ್ನವೇ, ಗಾಲಿ ನೆಲದ ಮೇಲಿರುವಾಗ, ಅರ್ಧ ಸುತ್ತು ಸಡಿಲಿಸಬೇಕು. ಜಾಕಿನ ಮೇಲೆ ನಿಂತ ವಾಹನದಲ್ಲಿ ಬಿಗಿದ ನಟ್ಟನ್ನು ಜಗ್ಗುವುದೆಂದರೆ ವಾಹನವನ್ನು ತಾನೇ ತಳ್ಳಿದಂತೆ. ಜಾಕಿನ ತಲೆಯು ತಯಾರಕರು ಸೂಚಿಸಿದ ಸ್ಥಳದಲ್ಲಿಯೇ ಕೂಡಬೇಕು. ಕಬ್ಬಿಣದ ಮೇಲೆ ಕಬ್ಬಿಣ ಜಾರುವಂತಿದ್ದರೆ ನಡುವೆ ಗಟ್ಟಿ ಮರದ ತುಂಡು ಇರಲಿ. ಒಳಗೆ ಪ್ರಯಾಣಿಕರು ಕುಳಿತಿರಬಾರದು. ರಸ್ತೆಯಲ್ಲಿ ಬೇರೆ ಆಸರೆ ಇರದಿದ್ದರೆ ಸ್ಟೆಪ್ನಿಯನ್ನು ವಾಹನದ ಚೌಕಟ್ಟಿನಡಿಗೆ ಅಡ್ಡ ಮಲಗಿಸಿ, ಬಿಚ್ಚಿದ ಗಾಲಿಯನ್ನು ಅದರ ಬದಲಿಗೆ ಅಲ್ಲಿಡುವುದು ಒಳ್ಳೆಯ ಅಭ್ಯಾಸ. ಜಾಕ್ ಜಾರಿದರೂ ಚೌಕಟ್ಟು ಗಾಲಿಯ ಮೇಲೆ ನಿಂತು ಕೈಕಾಲುಗಳಿಗೆ ಒಂದಷ್ಟು ಜಾಗ ಉಳಿಯುತ್ತದೆ. ಇದು ಗಾಲಿ ಬದಲಾವಣೆಯ ಮಟ್ಟಿಗೆ ಮಾತ್ರ. ಅಡಿಗೆ ನುಸುಳಿ ಮಾಡಬೇಕಾದ ಯಾವ ಕೆಲಸವನ್ನೂ ಹೀಗೆ ಮಾಡಕೂಡದು.

ಗ್ಯಾರೇಜಿನಲ್ಲಿ ಎತ್ತಿದ ಭಾರವನ್ನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಸ್ಟ್ಯಾಂಡಿನಲ್ಲಿ ತಿರುಗುವ ಭಾಗವಾಗಲಿ ಹರಿಯುವ ಎಣ್ಣೆಯಾಗಲಿ ಇಲ್ಲ. ಅಗಲವಾದ ಕಾಲುಗಳು ಮತ್ತು ಒಂದು ದಪ್ಪ ಪಿನ್ನು ಮಾತ್ರ. ಸ್ಟ್ಯಾಂಡುಗಳನ್ನು ಜೋಡಿಯಾಗಿ, ಒಂದೇ ಎತ್ತರಕ್ಕೆ ಇಟ್ಟು, ಭಾರ ಕುಳಿತ ಮೇಲೆ ವಾಹನವನ್ನು ಕೈಯಿಂದ ಒಮ್ಮೆ ಅಲುಗಿಸಿ ನೋಡಿ, ಅನಂತರವೇ ಅಡಿಗೆ ಹೋಗತಕ್ಕದ್ದು. ಈ ಒಟ್ಟು ಕೆಲಸಕ್ಕೆ ಐದು ನಿಮಿಷ ಹಿಡಿಯುತ್ತದೆ. ಗಿರಾಕಿ ಅವಸರ ಮಾಡುತ್ತಾನೆಂದು ಅದನ್ನು ಬಿಡುವ ಮಾಲೀಕನು ಹುಡುಗರ ಪ್ರಾಣವನ್ನು ಒತ್ತೆಯಿಡುತ್ತಾನೆ.

ಇಂಜಿನ್ನನ್ನು ಮೇಲಿನಿಂದ ಎತ್ತುವ ಚೈನ್ ಬ್ಲಾಕ್ ವಿಷಯದಲ್ಲಿ ಒಂದು ಮಾತು ಸಾಕು. ಕೊಕ್ಕೆಯಿಂದ ಇಳಿಬಿಟ್ಟ ಎರಡು ಸರಪಳಿಗಳ ನಡುವಿನ ಕೋನ ಹಿರಿದಾದಂತೆ ಅವುಗಳ ಮೇಲಿನ ಎಳೆತ ಏರುತ್ತದೆ; ಕೋನ 120 ಅಂಶವಾದಾಗ ಪ್ರತಿಯೊಂದು ಸರಪಳಿಯೂ ಪೂರ್ಣ ಭಾರವನ್ನೇ ಹೊರುತ್ತದೆ.

ತಪಾಸಣೆ ಯಾರದು?

1948ರ ಕಾರ್ಖಾನೆ ಕಾಯ್ದೆಯ 29ನೇ ಪ್ರಕರಣವು ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಅರ್ಹ ವ್ಯಕ್ತಿಯಿಂದ 12 ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕೆಂದೂ, ಸುರಕ್ಷಿತ ಭಾರದ ಮಿತಿಯನ್ನು ಅವುಗಳ ಮೇಲೆ ಗುರುತಿಸಬೇಕೆಂದೂ ವಿಧಿಸಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಪ್ರಕರಣದ ವ್ಯಾಖ್ಯೆಯಲ್ಲಿ ಕ್ರೇನು, ರಾಟೆ ಮುಂತಾದವುಗಳ ಹೆಸರುಗಳಿದ್ದವೇ ಹೊರತು ಜಾಕಿನ ಹೆಸರಿರಲಿಲ್ಲ. ಲಾರಿಯ ಸೀಟಿನಡಿಯಲ್ಲಿರುವ ಜಾಕನ್ನಂತೂ ನೋಡಲು ಯಾವ ಪರೀಕ್ಷಕನೂ ಬರುವುದಿಲ್ಲ. ಅದನ್ನು ನೋಡಿಕೊಳ್ಳಬೇಕಾದವನು ಬಳಸುವವನೇ.

ಈ ತಪಾಸಣೆ ಕಷ್ಟದ್ದಲ್ಲ. ತಿರುಪಿನ ಹಲ್ಲುಗಳು ಚೂಪಾಗಿ ಸವೆದಿವೆಯೇ, ತೋಳು ಬಾಗಿದೆಯೇ, ತಲೆಯ ಗೀರುಗಳು ನುಣ್ಣಗಾಗಿವೆಯೇ ಎಂದು ಕಣ್ಣಾಡಿಸಬೇಕು. ಎಣ್ಣೆಯ ಜಾಕಾದರೆ ಭಾರವನ್ನು ಗಾಲಿ ನೆಲದಿಂದ ತುಸು ಏಳುವಷ್ಟು ಮಾತ್ರ ಎತ್ತಿ, ಸ್ಟ್ಯಾಂಡನ್ನು ಅಡಿಯಲ್ಲಿ ಸಿದ್ಧವಾಗಿಟ್ಟು, ಕಾಲು ಗಂಟೆ ಬಿಟ್ಟು ಅಳೆಯಬೇಕು. ಇಳಿದಿದ್ದರೆ ಸೀಲು ಬದಲಾಯಿಸುವವರೆಗೆ ಅದನ್ನು ಬಳಸಬಾರದು. ಭಾರ ಇಳಿಸುವಾಗ ಬಿಡುಗಡೆಯ ತಿರುಪನ್ನು ಸ್ವಲ್ಪಸ್ವಲ್ಪವಾಗಿ ತೆರೆಯಬೇಕು. ಗಾಲಿ ಪೂರ್ಣವಾಗಿ ನೆಲಕ್ಕೆ ಕುಳಿತ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಪಿಸ್ಟನ್ನನ್ನು ಒಳಕ್ಕೆ ಒತ್ತಿ, ಧೂಳೊರಸಿ ಜಾಕನ್ನು ಅದರ ಸ್ಥಾನದಲ್ಲಿಡಬೇಕು. ಹೊರಚಾಚಿ ಬಿಟ್ಟ ಪಿಸ್ಟನ್ನಿಗೆ ತುಕ್ಕು ಹಿಡಿಯುತ್ತದೆ. ಆ ತುಕ್ಕೇ ಮುಂದಿನ ಸಲ ಸೀಲನ್ನು ಗೀರುತ್ತದೆ.