ಊನೋದರ ತಪಸ್ಸು ಮತ್ತು ದೇಹಲಾಘವ

ಬಾಹ್ಯ ತಪಸ್ಸುಗಳು ಆರು. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂದು ಪೂಜ್ಯ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇವುಗಳನ್ನು ಕ್ರಮವಾಗಿ ಹೇಳಿರುವರು. ಇವುಗಳಲ್ಲಿ ಮೊದಲನೆಯದಾದ ಅನಶನವನ್ನು, ಎಂದರೆ ಉಪವಾಸವನ್ನು, ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಅಷ್ಟಮಿ, ಚತುರ್ದಶಿಗಳು ಬಂದರೆ, ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದರೆ, ಯಾರ ಮನೆಯಲ್ಲಿ ಯಾರದು ಎಷ್ಟು ಉಪವಾಸ ಎಂಬುದೇ ಬಸದಿಯ ಅಂಗಳದ ಮಾತಾಗುತ್ತದೆ. ಎರಡನೆಯದಾದ ಅವಮೌದರ್ಯಕ್ಕೆ ಇಷ್ಟು ಮರ್ಯಾದೆ ದೊರೆತಿಲ್ಲ. ಹತ್ತು ಉಪವಾಸ ಮಾಡಿದವರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಹತ್ತು ದಿನವೂ ನಾಲ್ಕು ತುತ್ತು ಕಡಿಮೆ ಉಂಡವರನ್ನು ಯಾರೂ ಗುರುತಿಸುವುದಿಲ್ಲ. ಗುರುತಿಸದೆ ಇರುವುದು ಆ ತಪಸ್ಸಿಗೆ ಒಂದು ಅನುಕೂಲವೇ ಎನ್ನಬಹುದು.

ಅವಮ ಎಂದರೆ ಊನವಾದುದು. ಉದರವನ್ನು ಊನವಾಗಿ, ಎಂದರೆ ಪೂರ್ತಿ ತುಂಬಿಸದೆ ಇಡುವುದೇ ಅವಮೌದರ್ಯ. ಕನ್ನಡದಲ್ಲಿ ನಾವು ಇದನ್ನು ಊನೋದರವೆಂದೇ ಹೇಳುವ ರೂಢಿ. ಎಷ್ಟು ಊನ ಎಂಬ ಪ್ರಶ್ನೆಗೆ ಆಗಮದಲ್ಲಿ ಅಳತೆಯೇ ಇದೆ. ಪುರುಷನ ಸ್ವಾಭಾವಿಕ ಆಹಾರ 32 ಕವಲ, ಸ್ತ್ರೀಯರದು 28 ಕವಲ ಎಂದು ಭಗವತೀ ಆರಾಧನೆ ಹೇಳುತ್ತದೆ. ಅದರಲ್ಲಿ ಒಂದು ಕವಲ ಕಡಿಮೆ ಮಾಡಿದರೂ ಅವಮೌದರ್ಯವೇ. ಒಂದೊಂದಾಗಿ ಇಳಿಸುತ್ತ ಒಂದೇ ಕವಲಕ್ಕೆ ಬಂದರೂ ಅವಮೌದರ್ಯವೇ. ವಟ್ಟಕೇರ ಆಚಾರ್ಯರ ಮೂಲಾಚಾರದಲ್ಲಿ ಉದರವನ್ನು ನಾಲ್ಕು ಭಾಗ ಮಾಡಿ, ಎರಡು ಭಾಗ ಅನ್ನ-ವ್ಯಂಜನಗಳಿಗೆ, ಒಂದು ಭಾಗ ನೀರಿಗೆ, ಉಳಿದ ಒಂದನ್ನು ವಾಯುಸಂಚಾರಕ್ಕೆ ಬರಿದಾಗಿ ಬಿಡಬೇಕೆಂದು ವಿಧಿಸಿದೆ. ಆಯುರ್ವೇದದ ಅಷ್ಟಾಂಗಹೃದಯದಲ್ಲಿಯೂ ಇದೇ ವಿಭಾಗ ಕಾಣುತ್ತದೆ. ಮೋಕ್ಷಮಾರ್ಗಿಯೂ ವೈದ್ಯನೂ ಹೊಟ್ಟೆಯ ವಿಷಯದಲ್ಲಿ ಒಂದೇ ಲೆಕ್ಕಕ್ಕೆ ಬಂದಿರುವುದು ಗಮನಾರ್ಹ.

ಇಲ್ಲಿ ಈಗಿನ ಕಾಲದ ಒಂದು ಶಂಕೆ ಏಳುತ್ತದೆ.

ಶಂಕೆ: ದೇಹದ ಕೊಬ್ಬು ಕರಗಿ ಮೈ ಹಗುರವಾಗಲಿ ಎಂಬ ಉದ್ದೇಶದಿಂದ ಉಪವಾಸ ಮಾಡಿದರೆ ಅದು ವ್ರತವಾದೀತೆ?

ಸಮಾಧಾನ: ಆಗದು. ತತ್ತ್ವಾರ್ಥಸೂತ್ರದ ಮೇಲೆ ಸರ್ವಾರ್ಥಸಿದ್ಧಿ ಎಂಬ ವೃತ್ತಿಯನ್ನು ರಚಿಸಿದ ಪೂಜ್ಯಪಾದ ಆಚಾರ್ಯರು ಅನಶನವನ್ನು ವಿವರಿಸುವಾಗ, ಅದು ಕಣ್ಣಿಗೆ ಕಾಣುವ ಲೌಕಿಕ ಫಲವನ್ನು ಬಯಸದೆ ಸಂಯಮ, ರಾಗನಾಶ, ಕರ್ಮನಾಶ, ಧ್ಯಾನ ಮತ್ತು ಆಗಮಜ್ಞಾನಗಳಿಗಾಗಿ ಮಾಡತಕ್ಕದ್ದೆಂದು ಸ್ಪಷ್ಟಪಡಿಸಿರುವರು. ತೂಕದ ಯಂತ್ರದ ಮುಳ್ಳು ಇಳಿಯಲೆಂದು ಚತುರ್ದಶಿಯನ್ನು ಹಿಡಿದರೆ ಅದು ಲಂಘನವಾಗುತ್ತದೆ, ವ್ರತವಾಗುವುದಿಲ್ಲ. ಲಂಘನ ಪಾಪವಲ್ಲ, ಆದರೆ ಅದಕ್ಕೆ ವ್ರತದ ಹೆಸರು ಬೇಡ. ಹಾಗಾದರೆ ಆರೋಗ್ಯವನ್ನು ಬಯಸುವ ಶ್ರಾವಕನಿಗೆ ತಪಸ್ಸಿನಲ್ಲಿ ಸ್ಥಳವೇ ಇಲ್ಲವೆ ಎಂದರೆ, ಇದೆ. ಅದೇ ಆಚಾರ್ಯರು ಮುಂದಿನ ಸಾಲಿನಲ್ಲಿ ಅವಮೌದರ್ಯದ ಪ್ರಯೋಜನಗಳನ್ನು ಹೇಳುವಾಗ ಸಂಯಮದಲ್ಲಿ ಎಚ್ಚರ, ಸಂತೋಷ, ಸ್ವಾಧ್ಯಾಯದ ಸೌಕರ್ಯಗಳ ಜೊತೆಗೆ ದೋಷಪ್ರಶಮನವನ್ನೂ ಎಣಿಸಿದ್ದಾರೆ. ದೋಷಗಳೆಂದರೆ ವಾತ, ಪಿತ್ತ, ಕಫಗಳು. ಮಿತಿಮೀರಿ ಉಂಡವನಿಗೆ ನಿದ್ರೆ ಬರುತ್ತದೆ, ಸ್ವಾಧ್ಯಾಯದಲ್ಲಿ ತಲೆ ತೂಗುತ್ತದೆ, ಸಾಮಾಯಿಕಕ್ಕೆ ಕುಳಿತರೆ ಮಂಡಿ ಮಡಚುವುದಿಲ್ಲ. ಇವೆಲ್ಲ ಧರ್ಮಸಾಧನೆಯ ವಿಘ್ನಗಳೇ. ಆದುದರಿಂದ ದೇಹಲಾಘವವನ್ನು ಬಯಸುವವರು ಅನಶನವನ್ನಲ್ಲ, ಊನೋದರವನ್ನು ಹಿಡಿಯುವುದು ಶಾಸ್ತ್ರಕ್ಕೂ ಸರಿ, ಶರೀರಕ್ಕೂ ಸರಿ ಎಂಬುದು ನನ್ನ ಅಭಿಪ್ರಾಯ.

ಸಲ್ಲೇಖನವೆಂಬ ಮಾತನ್ನೂ ಕೆಲವರು ಇಲ್ಲಿ ತರುತ್ತಾರೆ. ಕಾಯ ಮತ್ತು ಕಷಾಯಗಳೆರಡನ್ನೂ ಕೃಶಗೊಳಿಸುವುದೇ ಸಲ್ಲೇಖನ ಎಂಬುದು ನಿಜ. ಆದರೆ ಅದು ಆಯುಷ್ಯದ ಕೊನೆಯಲ್ಲಿ, ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ, ಗುರುಸನ್ನಿಧಿಯಲ್ಲಿ ನಡೆಯತಕ್ಕ ಸಾಧನೆ. ಮೂವತ್ತು ವರ್ಷದವರು ಮೈ ಇಳಿಸುವ ಮಾತಿಗೆ ಅದನ್ನು ಎಳೆದು ತರುವುದು ಯುಕ್ತವಲ್ಲ.

ಇನ್ನು ಶರೀರದ ವಿಷಯಕ್ಕೆ ಬರೋಣ. ಭಾರತೀಯರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಹಬ್ಬಿದೆ ಎಂಬುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ತೋರಿಸಿತು: ದೇಶದಲ್ಲಿ ಸುಮಾರು 10 ಕೋಟಿ ಜನ ಈ ವ್ಯಾಧಿಗೆ ಒಳಗಾಗಿದ್ದಾರೆ. ನಮ್ಮ ಜನರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ವೈದ್ಯರು ನಮಗೆ ಪ್ರತ್ಯೇಕ ಗೆರೆಯನ್ನು ಹಾಕಿದ್ದಾರೆ. ಕಿಲೋಗ್ರಾಂಗಳಲ್ಲಿ ತೂಕವನ್ನು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ 23 ಮುಟ್ಟಿದರೆ ಅಧಿಕ ತೂಕ, 25 ಮುಟ್ಟಿದರೆ ಸ್ಥೂಲತೆ. ಉದಾಹರಣೆಗೆ 160 ಸೆಂಟಿಮೀಟರ್ ಎತ್ತರದವರಿಗೆ 59 ಕಿಲೋದಲ್ಲಿ ಎಚ್ಚರಿಕೆ, 64 ಕಿಲೋದಲ್ಲಿ ಸ್ಥೂಲತೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನು ದಾಟಬಾರದು. ದರ್ಜಿಯ ಟೇಪು ಮನೆಯಲ್ಲಿದ್ದರೆ ಇದಕ್ಕೆ ಯಾವ ವೈದ್ಯರೂ ಬೇಡ. ಚರಕಸಂಹಿತೆ ಅತಿಸ್ಥೂಲನನ್ನೂ ಅತಿಕೃಶನನ್ನೂ ಒಟ್ಟಿಗೇ ನಿಂದಿತರ ಪಟ್ಟಿಯಲ್ಲಿ ಸೇರಿಸಿರುವುದನ್ನು ಮರೆಯಲಾಗದು. ಸೊರಗಿದ ಮೈ ನಮ್ಮ ಗುರಿಯಲ್ಲ.

ಉಪವಾಸಗಳನ್ನು ಬಹಳ ಮಾಡುವ ಮನೆಗಳಲ್ಲಿಯೂ ಸ್ಥೂಲತೆ ಏಕೆ ಎಂದು ಅನೇಕರು ಕೇಳುವರು. ಮೊದಲ ದಿನದ ಉಪವಾಸದಲ್ಲಿ ಇಳಿಯುವ ತೂಕದಲ್ಲಿ ಹೆಚ್ಚಿನ ಪಾಲು ನೀರು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಪಿಷ್ಟ ವ್ಯಯವಾಗುವಾಗ ಅದರೊಡನೆ ಸೇರಿದ್ದ ನೀರೂ ಹೊರಹೋಗುತ್ತದೆ. ಪಾರಣೆಯ ನಂತರ ಒಂದೆರಡು ದಿನಗಳಲ್ಲಿ ಅದು ಹಿಂತಿರುಗುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿಗಳಷ್ಟು ಶಕ್ತಿ ಖರ್ಚಾಗಬೇಕು. ಸಾಮಾನ್ಯ ಮನುಷ್ಯನ ಒಂದು ದಿನದ ಖರ್ಚು ಅದರ ಮೂರರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ಒಂದು ದಿನದಲ್ಲಿ ಕರಗಿದ ಅಲ್ಪವನ್ನು ಪಾರಣೆಯ ಎಲೆಯೇ ತುಂಬಿಕೊಡುತ್ತದೆ. ಹೋಳಿಗೆ, ಅದರ ಮೇಲೆ ತುಪ್ಪ, ಕರಿದ ಪೂರಿ, ಪಾಯಸ, ಮತ್ತೆ ಮನೆಯ ಹಿರಿಯರ ಒತ್ತಾಯ! ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧವೆಂದರೆ ಒಂದು ಹೊತ್ತಿನ ಊಟ. ಉಪವಾಸದ ಹಿಂದಿನ ದಿನವೂ ಮುಂದಿನ ದಿನವೂ ಏಕಭುಕ್ತವಿರಬೇಕೆಂಬುದು ಪ್ರೋಷಧೋಪವಾಸದ ವಿಧಿ. ಪಾರಣೆಯನ್ನು ಔತಣವನ್ನಾಗಿ ಮಾಡಿದವರು ನಾವು; ಶಾಸ್ತ್ರಕಾರರಲ್ಲ. ಏಕಾಶನದವರೂ ಒಂದೇ ಹೊತ್ತಿನಲ್ಲಿ ಎರಡು ಹೊತ್ತಿನ ಊಟವನ್ನು ಮುಗಿಸಿದರೆ ಅಲ್ಲಿ ಊನವೆಂಬುದು ಉಳಿಯುವುದಿಲ್ಲ.

ಊಟದ ಜೊತೆಗೆ ವ್ಯಾಯಾಮದ ಮಾತನ್ನೂ ಹೇಳಬೇಕು. ನಮ್ಮ ನಾಡಿಗೆ ಇದು ಹೊಸ ಮಾತಲ್ಲ. ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವನ್ನು ನೋಡಿದವರು ಅನೇಕರಿರಬಹುದು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದ ಮೇಲೆ ಈ ಸೀಮೆ ವಿದ್ಯೆಗಳ ಬೀಡಾಯಿತು. ಅದೇ ವಂಶದ ಮೂರನೆಯ ಸೋಮೇಶ್ವರನು (1126–1138) ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳಿವೆ. ಅದರಲ್ಲಿ ಅನ್ನಭೋಗವೂ ಇದೆ, ಮಲ್ಲವಿನೋದವೂ ಇದೆ. ಜಟ್ಟಿಗಳನ್ನು ವಯಸ್ಸು, ಬಲ, ದೇಹಪ್ರಮಾಣಗಳಿಗೆ ತಕ್ಕಂತೆ ವಿಂಗಡಿಸಿ, ಅವರಿಗೆ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮುಂತಾದ ಅಭ್ಯಾಸಗಳನ್ನು ರಾಜನು ಹೇಳಿದ್ದಾನೆ: ಭಾರವೆತ್ತುವುದು, ನಡೆದಾಡುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು. ಆ ಜಟ್ಟಿಗಳ ಆಹಾರದಲ್ಲಿ ಮಾಂಸವೂ ಇತ್ತು. ಅದು ನಮಗೆ ಸಲ್ಲದು. ಶ್ರಮಕ್ಕೆ ಮಾಂಸ ಅಗತ್ಯವೆಂಬ ವಾದಕ್ಕೆ ಅದಕ್ಕೂ ಹಿಂದೆಯೇ ನಮ್ಮವರು ಉತ್ತರ ಕೊಟ್ಟಿದ್ದರು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೆಂಬ ವೈದ್ಯಗ್ರಂಥ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳುತ್ತದೆ. ಅದರ ಕೊನೆಯ ಹಿತಾಹಿತಾಧ್ಯಾಯ, ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣದ ವಿರುದ್ಧ ಮಾಡಿದ ವಾದ. ಈ ಗ್ರಂಥವನ್ನು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ನಮ್ಮ ನೆರೆಯ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟಿಸಿದರು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕು. ಅದಲ್ಲದೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸವೂ ಬೇಕು. ಅರ್ಧ ಗಂಟೆಯ ಚುರುಕು ನಡಿಗೆಯಲ್ಲಿ 100ರಿಂದ 150 ಕ್ಯಾಲೊರಿ ಖರ್ಚಾಗುತ್ತದೆ. ಒಂದು ದೊಡ್ಡ ಚಮಚ ತುಪ್ಪದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ನಡಿಗೆಯೊಂದನ್ನೇ ನಂಬಿ ಎಲೆಯನ್ನು ಹಾಗೆಯೇ ಇಟ್ಟರೆ ಮೈ ಇಳಿಯದು. ಊಟವೊಂದನ್ನೇ ಇಳಿಸಿ ಕುಳಿತರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ವಯಸ್ಸಾದವರಿಗೆ ಇದು ದೊಡ್ಡ ನಷ್ಟ. ಎರಡೂ ಕೂಡಿ ನಡೆಯಬೇಕು. ದಿಗಂಬರ ಮುನಿಗಳು ದಿನಕ್ಕೊಮ್ಮೆ ನಿಂತು ಆಹಾರ ಸ್ವೀಕರಿಸಿ ಊರಿಂದೂರಿಗೆ ಕಾಲ್ನಡಿಗೆಯಲ್ಲಿಯೇ ವಿಹಾರ ಮಾಡುವುದನ್ನು ನೋಡುತ್ತಲೇ ಬಂದಿದ್ದೇವೆ. ಗೃಹಸ್ಥರು ಬೆಳಕು ಹರಿದ ಮೇಲೆ, ನೆಲ ಕಾಣುವ ಹೊತ್ತಿನಲ್ಲಿ, ನಾಲ್ಕು ಹೆಜ್ಜೆ ಮುಂದೆ ನೋಡಿಕೊಂಡು ನಡೆದರೆ ಈರ್ಯಾಸಮಿತಿಯ ಅಭ್ಯಾಸವೂ ಆದಂತಾಯಿತು. ಬಸದಿಗೆ ಹೋಗಲು ಸ್ಕೂಟರನ್ನು ಹೊರತೆಗೆಯುವ ಮುನ್ನ ಇದನ್ನು ಯೋಚಿಸಬಹುದು. ನೀರಿನ ಕೊಡ ಹೊರುವುದು, ಬೀಸುವುದು, ಕುಟ್ಟುವುದು ಮನೆಗಳಿಂದ ಹೋದವು. ಅವುಗಳ ಸ್ಥಾನದಲ್ಲಿ ಗೋಡೆಗೆ ಕೈಯೂರಿ ಒತ್ತುವುದು, ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕುಳಿತುಕೊಳ್ಳುವುದು ಇಂಥ ಸುಲಭ ಸಾಧನೆಗಳು ಸಾಕು.

ಆಹಾರದಲ್ಲಿ ನಮ್ಮ ಬೀದರ–ಕಲಬುರಗಿ ಸೀಮೆಯವರಿಗೆ ಪುಣ್ಯವಿದೆ. ಜೋಳದ ರೊಟ್ಟಿ, ತೊಗರಿಬೇಳೆ, ಹೆಸರು, ಕಡಲೆ, ಪುಂಡಿ, ಮೆಂತ್ಯದ ಸೊಪ್ಪು, ಶೇಂಗಾ ಹಿಂಡಿ ಇವು ನಮ್ಮ ನೆಲದವೇ. ರಾಷ್ಟ್ರೀಯ ಪೋಷಣ ಸಂಸ್ಥೆಯ ಲೆಕ್ಕದಂತೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಬೇಕು. 60 ಕಿಲೋದವರಿಗೆ 50 ಗ್ರಾಂ. ಐದು ರೊಟ್ಟಿಗಾಗುವ 250 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 25 ಗ್ರಾಂ, 75 ಗ್ರಾಂ ಬೇಳೆಯಲ್ಲಿ 16 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ. ಮೊಟ್ಟೆಯೂ ಬೇಡ, ಡಬ್ಬಿಯ ಪುಡಿಯೂ ಬೇಡ. ಪಟ್ಟಣಕ್ಕೆ ಹೋಗಿ ವ್ಯಾಯಾಮಶಾಲೆ ಸೇರಿದ ನಮ್ಮ ಹುಡುಗರಿಗೆ ಈ ಲೆಕ್ಕವನ್ನು ತಾಯಂದಿರು ಬರೆದು ಕಳುಹಿಸಬೇಕು. ಕೆಡಿಸುವುದು ರೊಟ್ಟಿಯಲ್ಲ, ಅದರ ಸುತ್ತಲಿನ ಎಣ್ಣೆ, ಬೆಲ್ಲ, ಸಕ್ಕರೆ, ಅಂಗಡಿಯ ಪೊಟ್ಟಣಗಳು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಆದಿತ್ಯವಾರ ಉಪ್ಪು, ಶನಿವಾರ ಎಣ್ಣೆ ಎಂಬಂತೆ ದಿನಕ್ಕೊಂದನ್ನು ಬಿಡುವ ಹಳೆಯ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಉಂಟು. ಸಿಹಿ ಬಿಟ್ಟ ದಿನ ಒಂದು ತುಪ್ಪದ ಲೋಟ ಹೆಚ್ಚಾದರೆ ಮಾತ್ರ ರಸಪರಿತ್ಯಾಗ ವ್ಯರ್ಥ. ರಾತ್ರಿಭೋಜನ ತ್ಯಾಗವಂತೂ ನಮಗೆ ಹುಟ್ಟಿನೊಡನೆ ಬಂದದ್ದು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ಊಟ ಮುಗಿದರೆ ಮರುದಿನದ ವರೆಗೆ ಹನ್ನೆರಡು ಗಂಟೆಗೂ ಮೀರಿದ ವಿರಾಮ ತಾನಾಗಿಯೇ ದೊರೆಯುತ್ತದೆ.

ಹಿಡಿದದ್ದನ್ನು ಉಳಿಸಿಕೊಳ್ಳುವುದೇ ಕಷ್ಟವೆಂದು ಹೇಳುವವರಿಗೆ ಸಮಂತಭದ್ರರ ಯಮ-ನಿಯಮಗಳ ವಿಭಾಗ ಉಪಕಾರಿ. ಜೀವಾವಧಿಯ ತ್ಯಾಗ ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ಕಾಲವನ್ನು ಗೊತ್ತುಪಡಿಸಿ ಮಾಡುವ ತ್ಯಾಗ ನಿಯಮ. ಇನ್ನು ಮುಂದೆ ಎಂದೂ ಸಿಹಿ ತಿನ್ನೆನೆಂದು ಹೇಳಿ ಮೂರನೆಯ ದಿನ ಮುರಿಯುವುದಕ್ಕಿಂತ ಒಂದು ಪಕ್ಷಕ್ಕೆ ದಿನವೂ ಒಂದು ರೊಟ್ಟಿ ಕಡಿಮೆ ಎಂದು ನಿಯಮ ಹಿಡಿದು ಪೂರೈಸುವುದು ಲೇಸು. ಪಕ್ಷ ಮುಗಿದ ಮೇಲೆ ಇನ್ನೊಂದು ಪಕ್ಷ. ತಿಂಗಳಿಗೆ ಎರಡು ಕಿಲೋಗಿಂತ ವೇಗವಾಗಿ ಇಳಿಸುವ ಆತುರ ಬೇಡ.

ಕೊನೆಯದಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಔಷಧವನ್ನು ಎಂದಿನಂತೆ ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪಬಹುದು. ಔಷಧವನ್ನು ತಾವೇ ನಿಲ್ಲಿಸಿದರೆ ಸಕ್ಕರೆ ವಿಪರೀತವಾಗಿ ಏರಬಹುದು. ಇಬ್ಬಗೆಯಲ್ಲಿಯೂ ಪ್ರಾಣಾಪಾಯವಿದೆ. ಪರ್ವಕ್ಕೆ ಹದಿನೈದು ದಿನ ಮೊದಲೇ ಪಂಚಾಂಗದ ತಿಥಿಗಳನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ರಕ್ತಹೀನತೆಯಿರುವ ಸೊಸೆಯಂದಿರು, ಮೂತ್ರಪಿಂಡದ ವ್ಯಾಧಿಯವರು, ಬೆಳೆಯುವ ಮಕ್ಕಳು ಇವರನ್ನು ಮನೆಯವರ ಮಾನಕ್ಕಾಗಿ ಉಪವಾಸಕ್ಕೆ ದೂಡುವುದು ಹಿಂಸೆಯೇ ಸರಿ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಹಿರಿಯರು ಸುಮ್ಮನೆ ಸೇರಿಸಿಲ್ಲ. ಇಂಥವರು ವೈದ್ಯರು ಒಪ್ಪಿದಷ್ಟು ಉಂಡು, ಸಿಹಿಯನ್ನೋ ಉಪ್ಪನ್ನೋ ಅವರ ಅನುಮತಿಯಂತೆ ಬಿಟ್ಟು, ಆ ದಿನವನ್ನು ಸ್ವಾಧ್ಯಾಯದಲ್ಲಿ ಕಳೆಯಬಹುದು; ಉಪವಾಸವಿರುವ ಮನೆಯವರು ಅವರಿಗಾಗಿ ಒಲೆ ಹಚ್ಚಲು ಹಿಂಜರಿಯಬಾರದು.