ಗಡಿಯಾಚೆ ಮನೆ ಕಟ್ಟಹೋಗುವವರ ವಿಷಯವಾದ ಪಾಠ

ಓದತಕ್ಕ ವೇದಭಾಗಗಳು: ನೆಹೆಮೀಯ 2 ಮತ್ತು 3ನೇ ಅಧ್ಯಾಯಗಳು, 2 ಕೊರಿಂಥ 8ನೇ ಅಧ್ಯಾಯ.

ಕಳೆದ ಮಳೆಗಾಲದಲ್ಲಿ ನಮ್ಮ ಸಭೆಯ ಹಿರಿಯರೊಬ್ಬರು ಒಂದು ಸಂದೇಹವನ್ನು ಹೊತ್ತುಕೊಂಡು ನನ್ನ ಬಳಿಗೆ ಬಂದರು. ಅವರ ಮಗನು ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಸೀಮೆಯಲ್ಲಿ ಆಸ್ಪತ್ರೆಯ ಶುಶ್ರೂಷೆಯ ಕೆಲಸದಲ್ಲಿದ್ದಾನೆ. ಅವನು ಕೂಡುವ ಸಭೆಯವರು ವರುಷಕ್ಕೊಮ್ಮೆ ಗಡಿಯನ್ನು ದಾಟಿ, ಮೆಕ್ಸಿಕೊ ದೇಶದ ಟಿಹುವಾನ ಎಂಬ ಪಟ್ಟಣದಲ್ಲಿ ಬಡವರಿಗೆ ಮನೆ ಕಟ್ಟಿಕೊಟ್ಟು ಬರುವ ಪದ್ಧತಿ ಉಂಟು. ಈ ಸಾರಿ ತಾನೂ ಹೋಗಬಹುದೋ ಎಂದು ಮಗನು ತಂದೆಯನ್ನು ಕೇಳಿ ಬರೆದಿದ್ದನು. ಹಿರಿಯರು ನನಗೆ ಹೇಳಿದ್ದೇನಂದರೆ: “ಉಪದೇಶಿಗಳೇ, ಇಲ್ಲಿ ನನ್ನ ಮಾಳಿಗೆ ಸೋರುತ್ತದೆ. ರಾತ್ರಿ ಮೂರು ಪಾತ್ರೆ ಇಟ್ಟುಕೊಂಡು ಮಲಗುತ್ತೇವೆ. ಮಗನಾದರೋ ಕಾಣದ ಊರಿನಲ್ಲಿ ಗುರುತಿಲ್ಲದವರ ಗೋಡೆಗೆ ಗಿಲಾವು ಮಾಡಹೋಗುತ್ತಾನಂತೆ. ಇದು ಧರ್ಮವಾಗುತ್ತದೋ?” ನಾನು ಆ ದಿನ ತಕ್ಕ ಉತ್ತರ ಕೊಡಲಾರದೆ ಹೋದೆನು. ಸುಮ್ಮನೆ ಪ್ರಾರ್ಥನೆ ಮಾಡಿ ಅವರನ್ನು ಕಳುಹಿಸಿದೆನು. ಅಂದು ಹೇಳಬೇಕಾಗಿದ್ದದ್ದನ್ನು ಈ ಪಾಠದಲ್ಲಿ ಬರೆಯುತ್ತೇನೆ.

ಮೊದಲು ಆ ಸ್ಥಳದ ಸಂಗತಿಯನ್ನು ತಿಳಿದುಕೊಳ್ಳೋಣ. ಅಮೇರಿಕಾ ಸಂಯುಕ್ತ ಸಂಸ್ಥಾನಗಳಿಗೂ ಮೆಕ್ಸಿಕೊ ದೇಶಕ್ಕೂ ನಡುವೆ ಇರುವ ಗಡಿಯು ಸುಮಾರು 3,100 ಕಿಲೋಮೀಟರು ಉದ್ದವುಳ್ಳದ್ದು. ಅದರ ಪಡುವಣ ತುದಿಯಲ್ಲಿ, ಸಮುದ್ರದ ಬಳಿಯಲ್ಲಿ, ಉತ್ತರಕ್ಕೆ ಸಾನ್ ಡಿಯೇಗೊ, ದಕ್ಷಿಣಕ್ಕೆ ಟಿಹುವಾನ ಎಂಬ ಎರಡು ಪಟ್ಟಣಗಳು ಒಂದೇ ಬೇಲಿಯ ಎರಡು ಕಡೆಗಳಲ್ಲಿ ನಿಂತಿವೆ. 1965ರಲ್ಲಿ ಮೆಕ್ಸಿಕೊ ಸರಕಾರವು ಗಡಿಯ ಉದ್ದಕ್ಕೂ ಕಾರಖಾನೆಗಳು ಏಳುವಂತೆ ಏರ್ಪಾಟು ಮಾಡಿತು. ಆ ಮೇಲೆ ದಕ್ಷಿಣದ ಒವಹಾಕ, ಚಿಯಾಪಾಸ್ ಮುಂತಾದ ಸೀಮೆಗಳಿಂದ ಜನರು ಹೊಲಮನೆಗಳನ್ನು ಬಿಟ್ಟು ಕೂಲಿಗಾಗಿ ಅಲ್ಲಿಗೆ ಬಂದರು. 2020ರ ಜನಗಣತಿಯಲ್ಲಿ ಟಿಹುವಾನದ ಜನರು 19 ಲಕ್ಷಕ್ಕೆ ಮೇಲ್ಪಟ್ಟಿದ್ದರು. ಬಂದವರಿಗೆ ಕೂಲಿ ಸಿಕ್ಕಿತು, ಮನೆ ಸಿಕ್ಕಲಿಲ್ಲ. ಆದದರಿಂದ ಅವರು ಊರ ಹೊರಗಿನ ಕೊರಕಲು ಗುಡ್ಡಗಳ ಇಳಿಜಾರಿನಲ್ಲಿ ಹಳೇ ಟಾಯರುಗಳನ್ನು ಮೆಟ್ಟಲು ಮೆಟ್ಟಲಾಗಿ ಒಟ್ಟಿ ಮಣ್ಣು ಜಾರದಂತೆ ತಡೆದು, ಸಾನ್ ಡಿಯೇಗೊದವರು ತೆಗೆದುಹಾಕಿದ ಮೋಟಾರು ಕೊಟ್ಟಿಗೆಯ ಕದಗಳನ್ನು ತಂದು ಗೋಡೆಗಳಾಗಿ ನಿಲ್ಲಿಸಿಕೊಂಡರು. ನೆಲವೋ ಬರೀ ಮಣ್ಣು. ಚಳಿಗಾಲದಲ್ಲಿ ಅಲ್ಲಿ ಮಳೆ ಬೀಳುವ ರೂಢಿ. ಬಿದ್ದಾಗ ಹಾಸಿಗೆಯ ಕೆಳಗೆ ಕೆಸರು.

ನೆಲದ ವಿಷಯದಲ್ಲಿ ಒಂದು ಮಾತು ಹೆಚ್ಚಾಗಿ ಹೇಳಬೇಕು, ಯಾಕಂದರೆ ಮನೆಯೆಂದರೆ ಗೋಡೆಯೂ ಮಾಳಿಗೆಯೂ ಎಂದು ನಾವು ಎಣಿಸುತ್ತೇವೆ. ಅದೇ ಮೆಕ್ಸಿಕೊ ದೇಶದ ಕೊವಾಯುಲ ಎಂಬ ಸೀಮೆಯಲ್ಲಿ 2000ನೇ ಇಸವಿಯಿಂದ ಸರಕಾರದವರು ಮಣ್ಣಿನ ನೆಲವುಳ್ಳ ಬಡವರ ಮನೆಗಳಿಗೆ ಸಿಮೆಂಟಿನ ನೆಲವನ್ನು ಕೊಟ್ಟರು. ಕಲಸಿದ ಗಾರೆಯನ್ನು ಬಂಡಿಯಲ್ಲಿ ಬಾಗಲಿಗೆ ತರುವದು ಸರಕಾರದ ಪಾಲು. ಮನೆ ಬರಿದು ಮಾಡಿ, ನೆಲ ಸಮಮಾಡಿ, ಗಾರೆಯನ್ನು ಹರಡುವದು ಮನೆಯವರ ಪಾಲು. ಪಂಡಿತರು ಇದನ್ನು ಶೋಧಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮನೆಯ ಮಣ್ಣುನೆಲವೆಲ್ಲ ಸಿಮೆಂಟಾದರೆ ಚಿಕ್ಕ ಮಕ್ಕಳ ಹೊಟ್ಟೆಹುಳದ ರೋಗವು ನೂರಕ್ಕೆ 78 ಪಾಲು, ಭೇದಿಯು 49 ಪಾಲು, ರಕ್ತಹೀನತೆಯು 81 ಪಾಲು ಕಡಿಮೆಯಾಗುತ್ತದೆ. ಮದ್ದು ಕೊಟ್ಟವರು ಯಾರೂ ಇಲ್ಲ, ನೆಲವೇ ಮದ್ದಾಯಿತು. ಹೀಗಿರುವದರಿಂದ ಬಡವನಿಗೆ ಮನೆ ಕಟ್ಟಿಕೊಡುವದು ಅಲ್ಪವಾದ ಉಪಕಾರವೆಂದು ಯಾರೂ ಹೇಳಕೂಡದು.

ಟಿಹುವಾನದಲ್ಲಿ ಈ ಕೆಲಸವನ್ನು ನಡಿಸುವ ಸಂಘಗಳಲ್ಲಿ ಒಂದು 1980ರಲ್ಲಿ ಆರಂಭವಾದ ಆಮೋರ್ ಮಿನಿಸ್ಟ್ರೀಸ್ ಎಂಬದು. ಅದರ ಕ್ರಮ ಹೇಗಂದರೆ, ಮನೆ ಯಾರಿಗೆ ಬೇಕೆಂಬದನ್ನು ಅಮೇರಿಕಾದವರು ಗೊತ್ತುಮಾಡುವದಿಲ್ಲ. ಆ ಊರಿನ ಮೆಕ್ಸಿಕೊ ಸಭೆಗಳ ಪಾಲಕರೇ ಕುಟುಂಬಗಳನ್ನು ನೋಡಿ ಆರಿಸುತ್ತಾರೆ. ಕುಟುಂಬದವರಿಗೆ ಸ್ವಂತ ನಿವೇಶನವಿರಬೇಕು, ಇಲ್ಲವೆ ಅದರ ಕಂತನ್ನು ಕಟ್ಟುತ್ತಿರಬೇಕು. ಮನೆಯು ಸುಮಾರು 11 ಅಡಿ ಅಗಲ, 22 ಅಡಿ ಉದ್ದ, ಎರಡು ಕೋಣೆ. ಮೊದಲು ಉಸುಕು, ಖಡಿ, ಸಿಮೆಂಟುಗಳನ್ನು ಕೈಯಿಂದಲೇ ಕಲಸಿ ನೆಲ ಹಾಕುತ್ತಾರೆ. ಅದರ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ಡಾಂಬರು ಕಾಗದವನ್ನು ಸುತ್ತಿ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯನ್ನು ಬಿಗಿದು, ಗಿಲಾವು ಮಾಡುತ್ತಾರೆ. ಹತ್ತಿಪ್ಪತ್ತು ಮಂದಿ ಕೂಡಿದರೆ ಮೂರು ನಾಲ್ಕು ದಿನದ ಕೆಲಸ. ಕಡೇ ದಿನದಲ್ಲಿ ಬೀಗದ ಕೈಯನ್ನು ಮನೆಯವರಿಗೆ ಕೊಟ್ಟು, ಒಟ್ಟಿಗೆ ಪ್ರಾರ್ಥಿಸಿ, ಬಂದವರು ಹೊರಡುತ್ತಾರೆ.

ಈಗ ವೇದಭಾಗಕ್ಕೆ ಬರೋಣ. ನೆಹೆಮೀಯನೂ ಗಡಿ ದಾಟಿ ಕಟ್ಟಹೋದವನೇ. ಅವನು ಶೂಷನ್ ಎಂಬ ರಾಜಧಾನಿಯಲ್ಲಿ ಅರ್ತಷಸ್ತ ರಾಜನಿಗೆ ಪಾನಪಾತ್ರೆ ಕೊಡುವ ಉದ್ಯೋಗದಲ್ಲಿದ್ದನು. ಊಟಕ್ಕೂ ಮಾನಕ್ಕೂ ಕೊರತೆ ಇರಲಿಲ್ಲ. ಯೆರೂಸಲೇಮಿನ ಗೋಡೆ ಬಿದ್ದಿದೆಯೆಂಬ ವರ್ತಮಾನ ಬಂದಾಗ ಅವನು ಅತ್ತನು, ಉಪವಾಸ ಮಾಡಿದನು, ಆ ಮೇಲೆ ರಾಜನ ಅಪ್ಪಣೆಯನ್ನು ಬೇಡಿದನು. ನದಿಯಾಚೆಯ ಅಧಿಕಾರಿಗಳು ದಾರಿ ಬಿಡುವಂತೆ ರಹದಾರಿ ಪತ್ರಗಳನ್ನೂ, ತೊಲೆಗಳನ್ನು ಕೊಡುವಂತೆ ಅರಣ್ಯಪಾಲಕನಾದ ಆಸಾಫನಿಗೆ ಪತ್ರವನ್ನೂ ಬರಸಿಕೊಂಡನು. ಭಕ್ತಿಯುಳ್ಳವನಾದರೂ ರಹದಾರಿ ಇಲ್ಲದೆ, ಮರಮುಟ್ಟಿನ ಲೆಕ್ಕವಿಲ್ಲದೆ ಅವನು ಹೊರಡಲಿಲ್ಲವೆಂಬದನ್ನು ಗಮನಿಸಿರಿ.

ಆದರೆ ಅದಕ್ಕಿಂತ ಗಮನಿಸತಕ್ಕದ್ದು ಯಾವದಂದರೆ ಅವನು ಮುಟ್ಟಿದ ಮೇಲೆ ಮಾಡಿದ್ದು. ಮೂರು ದಿನ ಸುಮ್ಮನೆ ಇದ್ದನು. ರಾತ್ರಿಯಲ್ಲಿ ಎದ್ದು, ಕೆಲವರನ್ನು ಮಾತ್ರ ಕರಕೊಂಡು, ಯಾರಿಗೂ ಹೇಳದೆ ಬಿದ್ದ ಗೋಡೆಯನ್ನು ಕಣ್ಣಾರೆ ನೋಡಿಬಂದನು. ನಾನು ನಿಮಗೆ ಕಟ್ಟಿಕೊಡುತ್ತೇನೆಂದು ಅವನು ಹೇಳಲಿಲ್ಲ. ನಮಗೆ ಬಂದ ದುರವಸ್ಥೆಯನ್ನು ನೀವೇ ಕಾಣುತ್ತೀರಲ್ಲಾ, ಕೂಡಿ ಕಟ್ಟೋಣ ಎಂಬ ಅರ್ಥದಲ್ಲಿ ಮಾತಾಡಿದನು. ಮೂರನೇ ಅಧ್ಯಾಯವನ್ನು ಅನೇಕರು ಬರೀ ಹೆಸರುಗಳ ಪಟ್ಟಿಯೆಂದು ದಾಟಿಬಿಡುತ್ತಾರೆ. ಸೆಮಿನೆರಿಯಲ್ಲಿ ಓದುತ್ತಿದ್ದಾಗ ನಾನೂ ಹಾಗೆಯೇ ಮಾಡಿದ್ದೆನು. ಆ ಪಟ್ಟಿಯಲ್ಲಿ ಯಾಜಕರು ಇದ್ದಾರೆ, ಅಕ್ಕಸಾಲಿಗರು ಇದ್ದಾರೆ, ಸುಗಂಧದ್ರವ್ಯ ಮಾಡುವವನು ಇದ್ದಾನೆ. ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳನ್ನು ಕರಕೊಂಡು ಕೆಲಸಕ್ಕೆ ನಿಂತಿದ್ದಾನೆ. ತೆಕೋವದ ಶ್ರೇಷ್ಠರು ಕುತ್ತಿಗೆ ಬೊಗ್ಗಿಸಲಿಲ್ಲವೆಂದೂ ಬರೆದದೆ. ಆದರೆ ಅದೇ ತೆಕೋವದ ಸಾಮಾನ್ಯ ಜನರು ತಮ್ಮ ಪಾಲನ್ನು ಮುಗಿಸಿ ಮತ್ತೊಂದು ಪಾಲನ್ನು ಕಟ್ಟಿದರು. ಇನ್ನು ಕೆಲವರು ತಮ್ಮ ತಮ್ಮ ಮನೆಗಳಿಗೆ ಎದುರಾಗಿ ಇದ್ದ ಗೋಡೆಯನ್ನು ಕಟ್ಟಿದರು. ಕಟ್ಟಿದವರು ಆ ಸೀಮೆಯವರೇ. ಗೋಡೆಯು 52 ದಿನಗಳಲ್ಲಿ ತೀರಿತು.

ಗಡಿ ದಾಟಿ ಹೋಗುವ ಈ ಕಾಲದ ತಂಡಗಳಿಗೆ ತಪ್ಪು ಬರುವದು ಇಲ್ಲಿಯೇ. ಬಂದವರು ಕಟ್ಟುತ್ತಾರೆ, ಮನೆಯವನು ನಿಂತು ನೋಡುತ್ತಾನೆ. ಮೆಕ್ಸಿಕೊದಲ್ಲಿ ವಾಸವಾಗಿದ್ದ ಇವಾನ್ ಇಲ್ಲಿಚ್ ಎಂಬ ಕಥೋಲಿಕ ಪಾದ್ರಿಯು 1968ರಲ್ಲಿ ಅಮೇರಿಕಾದ ವಿದ್ಯಾರ್ಥಿ ಸೇವಕರ ಎದುರಿಗೆ ಬಹಳ ಕಠಿಣವಾಗಿ ಮಾತಾಡಿ, ನಿಮ್ಮ ಒಳ್ಳೇ ಮನಸ್ಸನ್ನು ಈ ಜನರ ಮೇಲೆ ಹೇರಬೇಡಿರಿ, ಬರುವದಾದರೆ ಕಲಿಯುವದಕ್ಕೆ ಬನ್ನಿರಿ ಎಂಬ ಭಾವವನ್ನು ಹೇಳಿದನು. ಅವನ ಮಾತು ಖಾರವಾದದ್ದು. ನಾನು ಅದನ್ನೆಲ್ಲ ಒಪ್ಪುವದಿಲ್ಲ. ಆದರೂ ಅದನ್ನು ಕೇಳದೆ ಹೋಗುವವನಿಗಿಂತ ಕೇಳಿ ಹೋಗುವವನು ಮೇಲು.

ಲೆಕ್ಕದ ಮಾತೂ ಉಂಟು. 1998ರಲ್ಲಿ ಮಿಚ್ ಎಂಬ ಬಿರುಗಾಳಿಯು ಮಧ್ಯ ಅಮೇರಿಕಾದ ಹೊಂಡುರಾಸ್ ದೇಶವನ್ನು ಹಾಳುಮಾಡಿದಾಗ ಉತ್ತರ ಅಮೇರಿಕಾದ ಸಭೆಗಳಿಂದ ತಂಡಗಳು ಹೋಗಿ ಮನೆಗಳನ್ನು ಕಟ್ಟಿದವು. ಆ ದೇಶದಲ್ಲಿ ಬಹುಕಾಲ ವಾಸಮಾಡಿದ ಕರ್ಟ್ ವರ್ ಬೀಕ್ ಎಂಬ ಕ್ರೈಸ್ತ ಅಧ್ಯಾಪಕನು ಇದನ್ನು ಶೋಧಿಸಿ 2006ರಲ್ಲಿ ಬರೆದನು. ಅಲ್ಲಿ ಒಂದು ಮನೆಯ ವೆಚ್ಚ ಸುಮಾರು 2,000 ಡಾಲರು. ಒಂದು ತಂಡವು ವಿಮಾನದಲ್ಲಿ ಬಂದು ಹೋಗುವದೂ ಸೇರಿ ಆದ ವೆಚ್ಚ ಸುಮಾರು 30,000 ಡಾಲರು. ಪರದೇಶದವರು ಕಟ್ಟಿದ ಮನೆಯಲ್ಲಿ ಇರುವವರಿಗೂ ಊರವರು ಕಟ್ಟಿದ ಮನೆಯಲ್ಲಿ ಇರುವವರಿಗೂ ಬಾಳಿನಲ್ಲಿ ಭೇದ ಕಾಣಲಿಲ್ಲ. ಹೋಗಿಬಂದವರಲ್ಲಿಯೂ, ಆಗ ಉಕ್ಕಿದ ಉತ್ಸಾಹಕ್ಕೆ ತಕ್ಕಷ್ಟು ಶಾಶ್ವತವಾದ ಬದಲಾವಣೆ ಕಾಣಲಿಲ್ಲ. ಬುರುಜು ಕಟ್ಟಬೇಕೆಂದಿರುವವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸಬೇಕೆಂದು ಕರ್ತನು ಕೊಟ್ಟ ಸಾಮ್ಯವು ಇಲ್ಲಿಯೂ ಸಲ್ಲುತ್ತದೆ. ಟಿಹುವಾನಕ್ಕೆ ಸಾನ್ ಡಿಯೇಗೊದಿಂದ ಬಸ್ಸಿನಲ್ಲಿ ಹೋಗುವವನ ಲೆಕ್ಕ ಬೇರೆ. ಸಾವಿರಾರು ಮೈಲು ಹಾರಿ ಹೋಗುವವನ ಲೆಕ್ಕ ಬೇರೆ.

ಹಾಗಾದರೆ ಹಣ ಕಳುಹಿಸಿ ಮನೆಯಲ್ಲಿ ಕೂತಿರಬಹುದಲ್ಲವೇ ಎಂದು ಕೇಳುವಿರಿ. ಇದಕ್ಕೆ 2 ಕೊರಿಂಥದ 8ನೇ ಅಧ್ಯಾಯವನ್ನು ನೋಡಿರಿ. ನೆಹೆಮೀಯನಾದರೋ ತನ್ನ ಪಿತೃಗಳ ಊರಿಗೆ ಹೋದನು; ಮಕೆದೋನ್ಯದ ಸಭೆಗಳವರು ತಾವೇ ಕಡುಬಡವರಾಗಿದ್ದರೂ ಮುಖ ನೋಡದ ಯೆರೂಸಲೇಮಿನವರಿಗಾಗಿ ಶಕ್ತಿ ಮೀರಿ ಕೊಟ್ಟರು. ಕೊಟ್ಟ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪು ಹೊರಿಸದ ಹಾಗೆ ಸಭೆಗಳಿಂದ ನೇಮಿಸಲ್ಪಟ್ಟ ಸಹೋದರರನ್ನು ಜೊತೆಗೆ ಕರಕೊಂಡನು. ಹಣವೂ ಹೋಯಿತು, ಮನುಷ್ಯರೂ ಹೋದರು. ಆದರೆ ಹೋದವರು ಕೆಲವರೇ. ಅದಲ್ಲದೆ ಪೌಲನು ಅಲ್ಲಿ ಹೇಳುವದು ಸಮಾನತ್ವದ ಮಾತು. ಈ ಹೊತ್ತು ನಿಮ್ಮ ಸಮೃದ್ಧಿ ಅವರ ಕೊರತೆಗೆ. ಮತ್ತೊಂದು ಹೊತ್ತಿನಲ್ಲಿ ಅವರದು ನಿಮ್ಮದಕ್ಕೆ. ತಾನು ಎಂದಿಗೂ ತೆಗೆದುಕೊಳ್ಳತಕ್ಕವನಲ್ಲ ಎಂದು ಎಣಿಸಿಕೊಂಡು ಕೊಡುವವನು ಈ ಅಧ್ಯಾಯವನ್ನು ಅರ್ಧ ಓದಿದವನು.

ನಮ್ಮ ದೇಶಕ್ಕೂ ಇಂಥ ತಂಡ ಬಂದದ್ದುಂಟು. 2006ರಲ್ಲಿ ಅಮೇರಿಕಾದ ಮಾಜಿ ಅಧ್ಯಕ್ಷರಾದ ಜಿಮ್ಮಿ ಕಾರ್ಟರರು (ಇವರು 2024ರಲ್ಲಿ ತೀರಿಹೋದರು) ತಮ್ಮ 82ನೇ ವಯಸ್ಸಿನಲ್ಲಿ ಪುಣೆಯ ಹತ್ತಿರದ ಲೋಣಾವಳದ ಬಳಿಯಲ್ಲಿ ಅನೇಕ ಸೇವಕರ ಸಂಗಡ ಮನೆಕಟ್ಟುವ ಕೆಲಸ ಮಾಡಿದರು. ಅದಕ್ಕಿಂತ ಮುಂಚೆ 1990ರಲ್ಲಿ ಅವರು ಟಿಹುವಾನದಲ್ಲಿಯೂ ಸುತ್ತಿಗೆ ಹಿಡಿದಿದ್ದರು. ಅವರು ಕೂಡಿದ್ದ ಹ್ಯಾಬಿಟ್ಯಾಟ್ ಎಂಬ ಸಂಘವನ್ನು 1976ರಲ್ಲಿ ಮಿಲರ್ಡ್ ಫುಲರ್ ಮತ್ತು ಅವರ ಪತ್ನಿಯಾದ ಲಿಂಡಾ ಎಂಬವರು ಸ್ಥಾಪಿಸಿದರು. ಅದರ ಮೂಲ ನೇಮದಲ್ಲಿ ಮನೆಯು ಧರ್ಮಕ್ಕೆ ಕೊಡತಕ್ಕದ್ದಲ್ಲ: ಮನೆ ಹೊಂದುವವರು ತಾವೂ ಮೈಮುರಿದು ದುಡಿಯಬೇಕು, ವೆಚ್ಚವನ್ನು ಬಡ್ಡಿಯಿಲ್ಲದೆ ಕಂತಿನಿಂದ ತೀರಿಸಬೇಕು. ಬಡವನಿಂದ ಬಡ್ಡಿ ತೆಗೆದುಕೊಳ್ಳಕೂಡದೆಂಬ ಮೋಶೆಯ ನೇಮವು ಇಲ್ಲಿ ಗಾರೆಗೆ ಸೇರಿದೆ. ಸಾಲ ತೀರಿಸಿದವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಇನ್ನು ಹಿರಿಯರ ಮಾಳಿಗೆಯ ಮಾತು. ದೇವರಿಗೆ ಮೀಸಲೆಂದು ಹೇಳಿ ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ತಪ್ಪಿಸಿದವರನ್ನು ಕರ್ತನು ಗದರಿಸಿದ್ದು ಮಾರ್ಕನ 7ನೇ ಅಧ್ಯಾಯದಲ್ಲಿದೆ. ಆದದರಿಂದ ನಾನು ಅವರ ಅಪ್ಪಣೆಯಿಂದಲೇ ಮಗನಿಗೆ ಬರೆದೆನು: ಮೊದಲು ತಂದೆಯ ಮಾಳಿಗೆಗೆ ಮಣ್ಣು ಹಾಕಿಸುವದಕ್ಕೆ ಹಣ ಕಳುಹಿಸು, ಆ ಮೇಲೆ ಹೋಗು, ಹೋದಲ್ಲಿ ಮನೆಯವನಿಗೆ ಏನು ಕೆಲಸ ಬರುತ್ತದೆಂದು ಕೇಳು. ಮಾಳಿಗೆ ಸೋರುವದೇ ತನಗೆ ತಿಳಿಯದೆಂದು ಮಗನು ಮರುತ್ತರ ಕೊಟ್ಟನು. ತಂದೆಯು ಮಗನಿಗೆ ಚಿಂತೆ ಹತ್ತಬಾರದೆಂದು ಎರಡು ಮಳೆಗಾಲ ಬರೆದೇ ಇರಲಿಲ್ಲ! ನನಗೆ ಹೇಳಿದ್ದನ್ನು ಮಗನಿಗೆ ಹೇಳಿದ್ದರೆ ನನ್ನ ಕಾಗದವೇ ಬೇಕಾಗಿರಲಿಲ್ಲ.

ಹಣ ಬಂತು. ಹಬ್ಬಕ್ಕೆ ಮುಂಚೆ ಮಾಳಿಗೆಯ ಕೆಲಸ ತೀರಿತು. ಮಗನು ಟಿಹುವಾನಕ್ಕೆ ಹೋಗಿಬಂದು ಬರೆದ ಕಾಗದವನ್ನು ಹಿರಿಯರು ನನ್ನಿಂದ ಓದಿಸಿದರು. ಅದರಲ್ಲಿದ್ದದ್ದೇನಂದರೆ, ಮನೆಯ ಯಜಮಾನನು ಕಸುಬಿನಿಂದ ಗೌಂಡಿ. ಎರಡು ದಿನ ಅವನನ್ನು ಯಾರೂ ಕೇಳಲಿಲ್ಲ. ಅವನೂ ಸಂಕೋಚದಿಂದ ನೀರು ಹೊತ್ತು ತಂದುಕೊಡುತ್ತಿದ್ದನು. ಮೂರನೇ ದಿನ ಇವನು ಮುರುಕು ಭಾಷೆಯಲ್ಲಿ ವಿಚಾರಿಸಲು, ಅವನು ಕರಣೆಯನ್ನು ತೆಗೆದುಕೊಂಡು ತಂಡದವರು ಮಾಡಿದ್ದ ಒಂದು ಗೋಡೆಯ ಗಿಲಾವನ್ನೆಲ್ಲ ಕೆರೆದು ಹಾಕಿ, ಹೊಸದಾಗಿ ಮಾಡಿ ತೋರಿಸಿದನು. ಅಂದಿನಿಂದ ಅವನು ಮೇಸ್ತ್ರಿ, ಇವರು ಉಸುಕು ಹೊರುವವರು. ಕಡೇ ಸಾಯಂಕಾಲ ಅವನು ಗಡಿಯ ಬಾಗಲಿನ ವರೆಗೆ ಕಳುಹಿಸಬಂದನು. ಇವರು ರಹದಾರಿಗಳನ್ನು ತೋರಿಸಿ ಒಳಗೆ ಹೋದರು. ಅವನು ಆಚೆಯೇ ನಿಂತನು, ಯಾಕಂದರೆ ಅವನ ಹತ್ತಿರ ರಹದಾರಿ ಇರಲಿಲ್ಲ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಗೌಂಡಿಯ ಹೆಸರು ಬರೆದಿದ್ದಾನೋ ನೋಡಿರಿ, ಉಪದೇಶಿಗಳೇ,” ಎಂದರು. ಬರೆದಿರಲಿಲ್ಲ. “ಹಾಗಾದರೆ ಕೇಳಿ ಬರೆಯಿರಿ. ಬರುವ ಆದಿತ್ಯವಾರದ ಪ್ರಾರ್ಥನೆಯಲ್ಲಿ ಹೇಳಬೇಕು.”