ಕಿವಿಗೆ ಕೇಳುವ ಗಣಿತ: ಗಣಕ ಸಂಶೋಧನೆ ಮತ್ತು ಅಂಗವಿಕಲರ ಕಲಿಕೆ

‘ಎ ಪ್ಲಸ್ ಬಿ ಬೈ ಸಿ’ ಎಂದು ಓದಿ ಹೇಳಿದರೆ, ಭಾಗಾಕಾರ ಬಿಗೆ ಮಾತ್ರವೋ ಇಡೀ ಮೊತ್ತಕ್ಕೋ? ಪುಟ ನೋಡುವವರಿಗೆ ಇದು ಸಮಸ್ಯೆಯೇ ಅಲ್ಲ. ಕೇಳಿ ಕಲಿಯುವ ಅಂಧ ವಿದ್ಯಾರ್ಥಿಗೆ ದೊಡ್ಡ ತೊಡಕು. ಇದಕ್ಕೆ ಉತ್ತರ ಹುಡುಕಿದವರು ಗಣಕ ವಿಜ್ಞಾನಿ ಟಿ.ವಿ. ರಾಮನ್. ಪುಣೆಯಲ್ಲಿ ಬೆಳೆದ ಇವರು 14ನೇ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡರು. ಬಾಂಬೆ ಐಐಟಿಯಲ್ಲಿ ಓದಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ 1994ರಲ್ಲಿ ಪಿಎಚ್‌ಡಿಗಾಗಿ ರೂಪಿಸಿದ ತಂತ್ರಾಂಶವೇ ‘ಆಸ್ಟರ್’. ಇದು ಗಣಿತ ಬರಹಕ್ಕೆ ಬಳಸುವ ಲೇಟೆಕ್ ಕಡತದಲ್ಲಿರುವ ಸೂತ್ರದ ರಚನೆಯನ್ನು ಗುರುತಿಸಿ, ದನಿಯ ಏರಿಳಿತದಲ್ಲಿ ಅದನ್ನು ತಿಳಿಸುತ್ತದೆ. ಉದಾಹರಣೆಗೆ, ಘಾತಾಂಕ ಬಂದಾಗ ಸ್ವರ ಮೇಲೇರುತ್ತದೆ. ಈ ಪಿಎಚ್‌ಡಿ ಪ್ರಬಂಧಕ್ಕೆ ಗಣಕ ವಿಜ್ಞಾನಿಗಳ ಸಂಸ್ಥೆ ಎಸಿಎಂನ ಅತ್ಯುತ್ತಮ ಡಾಕ್ಟರೇಟ್ ಪ್ರಬಂಧ ಪ್ರಶಸ್ತಿ ಸಂದಿತು. ತಂತ್ರಾಂಶದ ಹೆಸರು ಅವರ ಮಾರ್ಗದರ್ಶಿ ನಾಯಿಯದು! ‘ಈಮ್ಯಾಕ್‌ಸ್ಪೀಕ್’ ಎಂಬ ಮಾತನಾಡುವ ತಂತ್ರಾಂಶ ಕೂಡ ಇವರದೇ ಕೃತಿ. 2005ರಲ್ಲಿ ಗೂಗಲ್ ಸೇರಿದರು.

ಪರದೆಯನ್ನು ಓದಿ ಹೇಳುವ ಉಚಿತ ತಂತ್ರಾಂಶ ಎನ್‌ವಿಡಿಎ ಆರಂಭವಾದದ್ದು 2006ರಲ್ಲಿ, ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಂದ, ಅವರೂ ಅಂಧರೇ. ಬಳಸುವವರೇ ರೂಪಿಸಿದ್ದರಿಂದಲೇ ಈ ತಂತ್ರಾಂಶಗಳು ಉಪಯುಕ್ತವಾದವು ಎನ್ನಬೇಕು.

ಇನ್ನು ಅಂಧರು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ. ಅದನ್ನು ರೂಪಿಸಿದ ಲೂಯಿ ಬ್ರೈಲ್ ಜನನ 1809ರ ಜನವರಿ 4, ಫ್ರಾನ್ಸ್. ಆ ದಿನವೇ ವಿಶ್ವ ಬ್ರೈಲ್ ದಿನ. ಕನ್ನಡಕ್ಕೂ ಬಳಕೆಯಾಗುವ ಭಾರತಿ ಬ್ರೈಲ್ ಅಂಗೀಕಾರವಾದದ್ದು 1951ರಲ್ಲಿ.

ಪರೀಕ್ಷೆಗೆ ಓದುವವರಿಗೆ ಕಾನೂನು ಭಾಗದಲ್ಲಿ ಎಚ್ಚರ ಬೇಕು. ಭಾರತದ ಅಂಗವಿಕಲರ ಕಾಯ್ದೆಗಳ ಪೈಕಿ ಹಿಂದಿನ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ, ಉದ್ಯೋಗದಲ್ಲಿ ಶೇ 3 ಮೀಸಲಾತಿ ಇತ್ತು. 2016ರ ಕಾಯ್ದೆಯಲ್ಲಿ 21 ಬಗೆ, ಸರ್ಕಾರಿ ಉದ್ಯೋಗದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5. ಆಯ್ಕೆಗಳಲ್ಲಿ ಇವುಗಳನ್ನು ಅದಲುಬದಲು ಮಾಡಿ ಕೊಟ್ಟಿದ್ದರೆ ಮೋಸಹೋಗಬೇಡಿ.